ದೋಣಿಗಾರನ ಜೇನು

ಶೆರಿಫ್ ಅಸಾಹೆಲ್ ರಡ್‌ನ ಎದೆಯಲ್ಲಿ ಒಂದು ಕಾಗದ ಮುಳ್ಳಿನಂತೆ ಮುರಿದು ಕೂತಿತ್ತು. ಹೋದ ವರ್ಷ ನೇಣುಗಂಬದ ಸುತ್ತ ಇಡೀ ಕೌಂಟಿಯೇ ನೆರೆದಿದ್ದ ಬೆಳಿಗ್ಗೆ, ಕೈದಿಗೆ ಗವರ್ನರರ ಕ್ಷಮಾಪತ್ರ ಓಹಿಯೋ ನದಿ ದಾಟಿ ಬಂದಿತ್ತು. ಓದಿ ಹೇಳಿದರೆ ರೊಚ್ಚಿಗೆದ್ದ ಜನ ತನ್ನನ್ನೇ ಹರಿದುಹಾಕುತ್ತಾರೆಂದು ಹೆದರಿ, ಅದನ್ನು ಕಿಸೆಗೆ ತುರುಕಿ ಕೈದಿಯ ಕಾಲಡಿಯ ಹಲಗೆ ಎಳೆಸಿಬಿಟ್ಟಿದ್ದ. ಪತ್ರ ತಂದುಕೊಟ್ಟವನು ದೋಣಿಗಾರ ಈನಸ್ ಟಾರ್ಬೆಲ್.

"ನಿನ್ನ ಕಿಸೆ ಗೋರಿಗಿಂತ ಆಳ ಕಣಯ್ಯಾ ಶೆರಿಫು," ಎಂದು ಈನಸ್ ಮೊನ್ನೆ ಹಲ್ಲುಬಿಟ್ಟಿದ್ದ. "ಸೋಮವಾರ ಜಡ್ಜು ಬರ್ತಾರಲ್ಲ, ಅವ್ರ ಮುಂದೆ ಕೊಡವಿ ನೋಡಾಣ, ಏನು ಉದುರುತ್ತೋ!"

 ನೇಣಿನ ಹಗ್ಗ ಎಷ್ಟು ಒರಟೆಂದು ಅಸಾಹೆಲ್‌ನ ಕೈಗೇ ಗೊತ್ತು.

ಶನಿವಾರ ಮುಂಜಾನೆ, ಈನಸ್ ಬಗ್ಗಿ ದೋಣಿಯ ನೀರು ಮೊಗೆಯುತ್ತಿದ್ದಾಗ, ದೋಣಿ ನೂಕುವ ಜಲ್ಲೆಯಿಂದ ಅಸಾಹೆಲ್‌ನ ಒಂದೇ ಏಟು. ತುಂಬಿದ ಹೊಳೆ ಹೆಣವನ್ನು ಒಯ್ದಿತು. ದೋಣಿಯೂ ತೇಲಿಹೋಗಲೆಂದು ಅದರ ಹಗ್ಗವನ್ನು ಕೊಯ್ಯದೆ ಬಿಚ್ಚಿದ. ಕೊಯ್ದ ತುದಿ ಮಾತಾಡುತ್ತದೆ. ಹೆಜ್ಜೆಗಳನ್ನು ಏರುವ ನೀರೇ ಅಳಿಸುತ್ತದೆ. ಹೆಣ ಸಿಕ್ಕರೂ ಗಾಯ ಬಂಡೆಗೆ ಬಡಿದದ್ದೆನ್ನಬಹುದು. ಸಾವಿನ ವಿಚಾರಣೆಗೆ ಪಂಚರನ್ನು ಆರಿಸುವವನು ತಾನೇ.

ಮೇಲೆ ಈನಸ್‌ನ ಮನೆಯ ಹಿತ್ತಲು. ಆರು ಜೇನುಗೂಡುಗಳು ಆಗಲೇ ಗುಂಯ್‌ಗುಡುತ್ತಿದ್ದವು. ಅಸಾಹೆಲ್ ಅಲ್ಲೇ ನಿಂತ. ಯಜಮಾನ ಸತ್ತಾಗ ಜೇನಿಗೆ ಹೇಳದಿದ್ದರೆ ಅವು ಇನ್ನೊಂದು ಸಾವನ್ನು ಕರೆತರುತ್ತವೆ ಎಂದು ತಾಯಿ ಪದ ಕಟ್ಟಿ ಹೇಳುತ್ತಿದ್ದಳು. ಇನ್ನೊಂದು ಸಾವು ಯಾರದ್ದು? ಮೊದಲ ಗೂಡನ್ನು ಮೂರು ಸಲ ತಟ್ಟಿ ಪಿಸುಗುಟ್ಟಿದ. ಅವನ ಕೈ, ತಾಯಿ ಮಾಡುತ್ತಿದ್ದುದನ್ನೆಲ್ಲ ತಾನಾಗಿಯೇ ಮಾಡಿ ಮುಗಿಸಿತು. ಹುಳಗಳಿಗೆ ಸಾಕ್ಷಿ ಹೇಳುವ ನಾಲಿಗೆಯಿಲ್ಲವಲ್ಲ. ಮನೆಯ ದಾರಿಯಲ್ಲಿ ಕೊರಳಿಗೆ ಚಳಿ ಹತ್ತಿತು. ಭಯದ್ದೇ ಇರಬೇಕು ಅಂದುಕೊಂಡ.

ಎರಡು ಗಂಟೆಯೊಳಗೆ ದೋಣಿಕಟ್ಟೆಯಲ್ಲಿ ಜನ ಸೇರಿದರು. ಅಸಾಹೆಲ್ ಕೂಡ ಬಂದ.

"ದೋಣಿ ಜೊತೇಲಿ ಅವ್ನೂ ತೇಲ್ಕೊಂಡು ಹೋಗವ್ನೆ," ಎಂದು ಯಾರೋ ನಕ್ಕರು. "ಕೆಳಗಿನ ಊರಲ್ಲಿ ವಿಸ್ಕಿ ಹೀರ್ತಾ ಕೂತಿರ್ತಾನೆ!"

"ಸಂಜೆಗೆ ಬರ್ತಾನೆ ಬಿಡಮ್ಮಾ," ಎಂದ ಅಸಾಹೆಲ್, ಈನಸ್‌ನ ಹೆಂಡತಿ ಕೆಜೈಯಾಳಿಗೆ.

"ನಾನೂ ಹಂಗೇ ಅಂದ್ಕೊಂಡು ಅವ್ನ ತಟ್ಟೆ ಇಟ್ಟಿದ್ದೆ ಶೆರಿಫ್. ಆಮೇಲೆ ಹಿತ್ತಲಿಗೆ ಹೋದೆ." ಕೆಜೈಯಾ ಮುಷ್ಟಿ ಬಿಚ್ಚಿದಳು. ಸಾವಾದ ಮನೆಯ ಜೇನುಗೂಡಿಗೆ ಕಟ್ಟುವಂಥ ಕಪ್ಪುಬಟ್ಟೆ, ಇನ್ನೂ ಗಂಟು ಬಿಚ್ಚದೆ, ಅಂಗೈಯಲ್ಲಿತ್ತು. "ನನ್ನ ಗಂಡ ಸತ್ತ ಅಂತ ನಂಗಿಂತ ಮುಂಚೆ ನನ್ನ ಜೇನಿಗೆ ಹೇಳ್ದೋರು ಯಾರು?" ಜನ ಮೊದಲು ಬಟ್ಟೆಯನ್ನು ನೋಡಿದರು, ಆಮೇಲೆ ಶೆರಿಫ್‌ನನ್ನು. ಅವನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಬೆಳಿಗ್ಗೆ ಕಟ್ಟಿಕೊಂಡಿದ್ದ ಕಪ್ಪು ಕೊರಳಪಟ್ಟಿ ಅಲ್ಲಿರಲಿಲ್ಲ, ಬರೀ ಕೊರಳಿತ್ತು.