ದನಿ ಏರಿತು, ಕಾರು ಏರಲಿಲ್ಲ

ಮಂಗಳಾರತಿಗೆ ಪರದೆ ಸರಿಸಿದರು. ಪೀಠ ಖಾಲಿ!

ರಾಮೋತ್ಸವದ ಮೊದಲ ದಿನವೇ ದೊಮ್ಮಲೂರಿನ ವಿಮಾ ನೌಕರರ ಕಾಲೊನಿಯ ಪುಟ್ಟ ಮಂದಿರದಿಂದ ಗೇಣುದ್ದದ ಪಂಚಲೋಹದ ರಾಮ ಮಾಯವಾಗಿದ್ದ. ರಾಮಾಯಣ ಕಾವ್ಯವನ್ನು ಬಾಯಿಪಾಠದಿಂದಲೇ ಹಾಡುತ್ತಿದ್ದ ಅಜ್ಜಿ ಸೀತಮ್ಮನವರ ಕಂಠ ಅಲ್ಲೇ ನಿಂತಿತು.

ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರಾ ಬಂದರು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ. ಒಬ್ಬ, ಮಂದಿರದ ಮಂಡಳಿಯ ಕಾರ್ಯದರ್ಶಿ ವಾದಿರಾಜ. ಇನ್ನೊಬ್ಬರು, ಪ್ರತಿ ನವಮಿಗೂ ತಮ್ಮ ಹಳೆಯ ಕಾರಿನಲ್ಲಿ ರಾಮನನ್ನು ಮೆರೆಸುವ ನಿವೃತ್ತ ಗುಮಾಸ್ತ ಗುರುರಾಜ್.

"ಹೇಳೋಕೆ ಸಂಕಟ ಆಗತ್ತೆ ಮೇಡಂ," ಎಂದ ವಾದಿರಾಜ. "ನಿನ್ನೆ ಸಂಜೆ ಗುರುರಾಜ್ ಏನೋ ಗಂಟು ಕಾರಲ್ಲಿಟ್ಕೊಂಡು ಹೊರಟ್ರು. ಅನುಮಾನ ಬಂತು. ಸ್ಕೂಟರಲ್ಲಿ ಹಿಂದೆ ಹೋದೆ. ಫ್ಲೈಓವರ್ ಏರಲ್ಲಿ ಬಾಣದ ಥರ ಹಾರ್ಬಿಟ್ರು. ನಾನು ಹಿಂದೆ ಬಿದ್ದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ದೊಡ್ಡವರು. ಹೇಗೆ ಕಳ್ಳ ಅನ್ನಲಿ?"

ಗುರುರಾಜ್ ತಲೆ ತಗ್ಗಿಸಿ ನಿಂತಿದ್ದರು. "ಗಂಟಲ್ಲಿದ್ದಿದ್ದು ರಾಮನ ರೇಷ್ಮೆ ವಸ್ತ್ರ. ಅಂಚು ಹೊಲಿಸೋಕೆ ಹಲಸೂರಿಗೆ ಒಯ್ದೆ. ಫ್ಲೈಓವರ್ ಹತ್ತಿರಾನೂ ಹೋಗಿಲ್ಲ."

"ನಿಮ್ಮ ಕಾರು ಹೇಗಿದೆ?"

ಅವರು ಕಾರಿನ ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಕುದುರೆ ಥರ ಓಡತ್ತೆ."

ಕಾನ್‌ಸ್ಟೆಬಲ್ ಕರೀಂ ಪಿಸುಗುಟ್ಟಿದ: "ಮೇಡಂ, ಇವರೇ ಬಂದು ಸಿಕ್ಕಿಹಾಕ್ಕೊಳ್ತಿದಾರೆ."

ಕಾರಿನ ಹಿಂದಿನ ಸೀಟಿನಲ್ಲಿ ಕುಂಕುಮದ ಕಲೆ ಸಿಕ್ಕಿತು. "ಹೋದ ವರ್ಷದ್ದು" ಎಂದರು ಗುರುರಾಜ್. ಯಾರೂ ನಂಬಲಿಲ್ಲ. ಇನ್ನು ರಾಮನನ್ನು ಆ ಕಾರಿಗೆ ಕೂರಿಸುವ ಮಾತೇ ಇಲ್ಲ ಎಂದು ಮಂಡಳಿಯವರು ಅಲ್ಲೇ ತೀರ್ಮಾನಿಸಿಬಿಟ್ಟರು. ಗುರುರಾಜರ ಕಣ್ಣು ತುಂಬಿತು.

ಅಷ್ಟರಲ್ಲಿ ವಾದಿರಾಜ ಆಟೋ ಕರೆಸಿ ಸ್ಪೀಕರ್ ಪೆಟ್ಟಿಗೆ ಹೊರಿಸುತ್ತಿದ್ದ. "ಬೆಳಗಿನಿಂದ ಮೂಗ ಆಗಿದೆ ಮೇಡಂ. ಕೆ.ಆರ್. ಪುರದಲ್ಲಿ ರಿಪೇರಿ ಮಾಡಿಸ್ಬೇಕು."

"ಸ್ವಲ್ಪ ತಡೀರಿ," ಎಂದರು ಸಂಘಮಿತ್ರಾ.

*

ಸಂಘಮಿತ್ರಾ ಸೀತಮ್ಮನವರ ಪಕ್ಕ ಕುಳಿತರು. "ಅಮ್ಮಾ, ನೀವೇನಾದ್ರೂ ನೋಡಿದ್ರಾ?"

ಸೀತಮ್ಮ ನಕ್ಕರು. "ಕಣ್ಣು ಮಂಜು ತಾಯಿ. ನನಗೆ ಕಿವಿ ಒಂದೇ ಗತಿ. ಗುರುರಾಜನ ಕಾರು ನಮ್ಮನೆ ಮುಂದಿನ ಏರು ಹತ್ತೋದು ಕೇಳ್ತಾನೇ ಇದೀನಿ. ಶಿವರಾತ್ರಿಯಿಂದ ಒಂದೇ ಕಥೆ. ದನಿ ಏರತ್ತೆ, ಪದ್ಯ ಮುಂದೆ ಹೋಗಲ್ಲ!"

ಸಂಘಮಿತ್ರಾ ಸರಕ್ಕನೆ ಎದ್ದರು. ಅವರು ಡ್ರೈವಿಂಗ್ ಕಲಿತದ್ದು ಅಪ್ಪನ ಹಳೆಯ ಕಾರಿನಲ್ಲಿ. "ಸರ್, ಕೀ ಕೊಡಿ."

ಮೊದಲು ಕ್ಲಚ್ ಪೆಡಲನ್ನು ಕೈಯಲ್ಲೇ ಒತ್ತಿ ನೋಡಿದರು. ಒತ್ತುವ ಶುರುವಿನಲ್ಲಿ ಇರಬೇಕಾದಷ್ಟು ಸಡಿಲ ಇತ್ತು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ಟಾಪ್ ಗೇರ್ ಹಾಕಿದರು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟರು. ಕ್ಲಚ್ ಸರಿಯಿದ್ದರೆ ಎಂಜಿನ್ ಗಕ್ಕನೆ ಸಾಯಬೇಕಿತ್ತು.

ಸಾಯಲಿಲ್ಲ. ಗುರ್ರೆನ್ನುತ್ತಲೇ ಇತ್ತು.

ಆಮೇಲೆ ಕರೀಮನನ್ನು ಕೂರಿಸಿಕೊಂಡು ಫ್ಲೈಓವರ್ ಕಡೆ ಹೊರಟರು. ಏರಿನಲ್ಲಿ ಎಂಜಿನ್ ಕಿರುಚಿತು. ಕಾರು ಮಾತ್ರ ತೆವಳಿತು. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಒಂದು ಸೈಕಲ್ ಅವರನ್ನು ದಾಟಿ ಹೋಯಿತು.

"ಮೇಡಂ," ಎಂದ ಕರೀಂ, "ಇದೇನಾ ಬಾಣ?"

*

ಮಂದಿರದ ಮುಂದೆ ಎಲ್ಲರೂ ಸೇರಿದರು.

"ಈ ಕಾರಿನ ಕ್ಲಚ್ ಜಾರ್ತಿದೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗಲ್ಲ. ಏರಲ್ಲಿ ಸ್ಕೂಟರನ್ನ ಹಿಂದೆ ಹಾಕೋದು ಕನಸಿನ ಮಾತು. ವಾದಿರಾಜ್, ನೀವು ಹೇಳಿದ್ದು ಸುಳ್ಳು."

"ಅವರೇ ಕ್ಲಚ್ ಕೇಬಲ್ ಬಿಗಿ ಮಾಡಿ, ಜಾರೋ ಹಾಗೆ ನಾಟಕ ಆಡ್ತಿರಬಹುದಲ್ವಾ?"

"ಬಿಗಿ ಮಾಡಿದ್ರೆ ಪೆಡಲ್‌ನಲ್ಲಿ ಸಡಿಲ ಇರ್ತಿರಲಿಲ್ಲ. ಸವೆದಿರೋದು ಒಳಗಿನ ಪ್ಲೇಟು. ಅದೂ ನಿನ್ನೆ ಮೊನ್ನೆಯದಲ್ಲ. ಶಿವರಾತ್ರಿಯಿಂದ ಸೀತಮ್ಮನವರು ಕೇಳ್ತಿದಾರೆ. ನೀವು ಈ ಕಾರಲ್ಲಿ ಕೂತಿದ್ದು ಮೆರವಣಿಗೇಲಿ ಮಾತ್ರ. ಆ ನಡಿಗೆಯ ವೇಗ ನೋಡಿದವರಿಗೆ ಕ್ಲಚ್ಚಿನ ಸ್ಥಿತಿ ಎಲ್ಲಿ ಗೊತ್ತಾಗತ್ತೆ? ಪ್ರತಿ ವರ್ಷ ಜನರ ಹೆಜ್ಜೆಗೆ ಸರಿಯಾಗಿ ಕ್ಲಚ್ ಅರ್ಧ ಒತ್ಕೊಂಡೇ ಓಡ್ಸಿ ಓಡ್ಸಿ ಅದು ಸವೆದಿದ್ದು."

ಗುರುರಾಜರ ಕಡೆ ತಿರುಗಿದರು. "ಯಾಕೆ ಸರ್ ಮುಚ್ಚಿಟ್ರಿ?"

"ಗೊತ್ತಾಗಿದ್ರೆ ರಾಮನ್ನ ಬೇರೆ ಕಾರಿಗೆ ಕೂರಿಸ್ಬಿಡ್ತಿದ್ರು ಮೇಡಂ."

ಸಂಘಮಿತ್ರಾ ಮತ್ತೆ ಎಲ್ಲರ ಕಡೆ ತಿರುಗಿದರು. "ಕೀಲಿ ಇಬ್ಬರ ಹತ್ರ. ಸುಳ್ಳು ಹೇಳಿದ್ದು ಒಬ್ಬರು. ಬೀದಿ ತುದೀಲಿ ಕ್ಯಾಮೆರಾ ಇದೆ. ಅದರ ಮುಂದೆ ಯಾರೂ ತಡೆಯದ ಹಾಗೆ ಇಲ್ಲಿಂದ ಹೊರಗೆ ಹೋಗಬಹುದಾದ ವಸ್ತು ಯಾವುದು? ಕರೀಂ, ಸ್ಪೀಕರ್ ಬಿಚ್ಚಿ."

ಸ್ಕ್ರೂ ಬಿಚ್ಚಿದ. ಒಳಗೆ ಸ್ಪೀಕರೇ ಇರಲಿಲ್ಲ. ಹತ್ತಿಯಲ್ಲಿ ಸುತ್ತಿದ ರಾಮ ಇದ್ದ.

ವಾದಿರಾಜ ತಪ್ಪೊಪ್ಪಿಕೊಂಡ. ಕೊಳ್ಳುವವನು ಕೆ.ಆರ್. ಪುರದಲ್ಲಿ ಕಾಯುತ್ತಿರುವುದನ್ನೂ ಬಾಯಿಬಿಟ್ಟ.

*

ನವಮಿಯ ಹೊತ್ತಿಗೆ ಕೋರ್ಟು ಮೂರ್ತಿಯನ್ನು ಮಂಡಳಿಯ ವಶಕ್ಕೆ ಕೊಟ್ಟಿತು. ಆ ಹಳೆಯ ಕಾರಿಗೆ ಹೊಂದುವ ಕ್ಲಚ್ ಪ್ಲೇಟ್ ಮಾತ್ರ ಊರೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲ. ಯಾರೋ ಹೊಸ ಕಾರು ತಂದು ನಿಲ್ಲಿಸಿದರು.

"ತೆಗೀರೋ ಅದನ್ನ!" ಸೀತಮ್ಮ ಗದರಿದರು. "ಗುರುರಾಜ, ಹತ್ತೋ."

ಅವರ ಮನೆ ಮುಂದಿನ ಏರಿನಲ್ಲಿ ಎಂಜಿನ್ ಕಿರುಚಿತು. ಕಾರು ನಿಂತಿತು. ಗುರುರಾಜ್ ನಾಚಿ ಎಂಜಿನ್ ಆರಿಸಿದರು.

ಹಿಂದಿನಿಂದ ಸಂಘಮಿತ್ರಾ ಕಾರಿಗೆ ಕೈ ಹಚ್ಚಿ ತಳ್ಳತೊಡಗಿದರು. ಪಕ್ಕದಲ್ಲಿ ಕರೀಂ. ಕಳ್ಳ ಎಂದು ಬೆರಳು ತೋರಿಸಿದ್ದ ಮಂಡಳಿಯವರೂ ಪಂಚೆ ಎತ್ತಿ ಕಟ್ಟಿ ಭುಜ ಕೊಟ್ಟರು. ಸೀತಮ್ಮನವರ ಪದ್ಯ ಏರಿತು. ಅದರ ಹಿಂದೆಯೇ, ಗುರುರಾಜರ ಸ್ಟಿಯರಿಂಗಿನಲ್ಲಿ, ರಾಮನ ಕಾರೂ ಏರಿತು.