ವನಜಕ್ಕನ ಮೊದಲ ಮೋಟ್ರು

“ನಿಮ್ಮಕ್ಕ ಮೋಟ್ರು ರಿಪೇರಿ ಮಾಡ್ತಾಳಾ? ಸುಮ್ನೆ ರೀಲು ಬುಡಬೇಡ ಕಣೇ!” ಕ್ಲಾಸಿನಲ್ಲಿ ಮಲ್ಲೇಶ ಜೋರಾಗಿ ನಕ್ಕ.

“ರೀಲಲ್ಲ ಕಣ್ಲಾ! ತಿಪಟೂರಲ್ಲಿ ಐಟಿಐ ಓದವ್ಳೆ. ಹುಳಿಯಾರಲ್ಲಿ ಅಂಗಡಿ ಇಟ್ಟವ್ಳೆ. ಬೇಕಾದ್ರೆ ನಿಮ್ಮಪ್ಪನ್ನ ಕರ್ಕೊಂಬಾ,” ಅಂದಳು ಬಿಂದುಶ್ರೀ.

ಅಂದಮೇಲೆ ಅವಳಿಗೇ ಭಯವಾಯಿತು. ವನಜಕ್ಕನ ಅಂಗಡಿಗೆ ಇದುವರೆಗೆ ಬಂದಿದ್ದು ಬರೀ ಫ್ಯಾನು, ಮಿಕ್ಸಿ. ‘ಹುಡುಗಿ ಕೈಗೆ ಮೋಟ್ರು ಕೊಡೋದಾ?’ ಎಂದು ತೋಟದವರೆಲ್ಲ ಮುಂದಿನ ಅಂಗಡಿಗೆ ಹೋಗುತ್ತಿದ್ದರು.

ಶನಿವಾರ ಸಂಜೆ ಮಲ್ಲೇಶನ ಅಪ್ಪ ಮರುಳಸಿದ್ದಯ್ಯ ನಿಜವಾಗಿಯೂ ಬಂದರು. ಅವರ ಬಾವಿಯ ಮೋಟ್ರು ಸುಟ್ಟುಹೋಗಿತ್ತು. ಬೇರೆ ಕಡೆ ವಾರ ಕಾಯಬೇಕು ಅಂದಿದ್ದರಂತೆ. ಹೊಸ ತೆಂಗಿನ ಸಸಿಗಳು ಬಾಡುತ್ತಿದ್ದವು.

“ನಿನ್ ಕೈಲಾಯ್ತದೇನವ್ವಾ?”

“ಆಯ್ತದೆ ಯಜಮಾನ್ರೇ. ನೀವು ಹೊತ್ಕೊಂಬರೋದೂ ಬ್ಯಾಡ. ನಾನೇ ತೋಟಕ್ಕೆ ಬಂದು ಬಿಚ್ಕೋತೀನಿ, ನಾನೇ ಕೂರಿಸ್ತೀನಿ. ಆರು ತಿಂಗಳೊಳಗೆ ಸುಟ್ರೆ ಫ್ರೀಯಾಗಿ ಮಾಡ್ಕೊಡ್ತೀನಿ.”

ಅವರು ಹುಬ್ಬೇರಿಸಿದರು. ಇಂಥ ಮಾತು ಯಾವ ಅಂಗಡಿಯಲ್ಲೂ ಕೇಳಿರಲಿಲ್ಲ.

ಭಾನುವಾರ ಅಕ್ಕ ತೋಟದಿಂದ ಬಿಚ್ಚಿ ತಂದ ಮೋಟ್ರಿನ ಹೊಟ್ಟೆಯಿಂದ ಕರಕಲು ತಂತಿಯನ್ನೆಲ್ಲ ಎಳೆದು ಹಾಕಿದಳು. ಹೊಸ ತಾಮ್ರದ ತಂತಿ ಸುತ್ತಿ, ಒಂದೊಂದೇ ಸಂದಿನೊಳಗೆ ಕೂರಿಸುತ್ತಾ ಹೋದಳು. ಮೆಲ್ಲಗೆ ಅಲ್ಲೊಂದು ಹೊಳೆಯುವ ಹೂವಿನ ದಂಡೆ ಕಟ್ಟಿಕೊಂಡಿತು. ಬಿಂದುಶ್ರೀ ಊಟಕ್ಕೆ ಕರೆದರೂ ಅಕ್ಕ ಏಳಲಿಲ್ಲ.

ಸೋಮವಾರ ಸ್ಕೂಲು ಬಿಟ್ಟಾಗ ಮಕ್ಕಳಿಬ್ಬರೂ ತೋಟಕ್ಕೆ ಓಡಿದರು. ಮೋಟ್ರು ಕೂರಿಸಿ ಆಗಿತ್ತು. ಅಕ್ಕ ಸ್ಟಾರ್ಟರ್ ಒತ್ತಿದಳು. ಗುರ್ರ್ ಎಂಬ ಸದ್ದು. ಪೈಪಿನಿಂದ ಬರೀ ಗಾಳಿ!

“ನಾನ್ ಹೇಳ್ಲಿಲ್ವಾ?” ಅಂದ ಮಲ್ಲೇಶ.

“ತಾಳ್ಲಾ, ನೀರು ಬಾವಿಯಿಂದ ಮ್ಯಾಲಕ್ಕೆ ಹತ್ಬೇಕು,” ಅಂದಳು ಅಕ್ಕ.

ಬಿಂದುಶ್ರೀ ಅಕ್ಕನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ಗಡಗಡ ನಡುಗುತ್ತಿತ್ತು. ಬೆರಗಾಗಿ ತಲೆಯೆತ್ತಿ ನೋಡಿದರೆ, ಅಕ್ಕನ ಮುಖದಲ್ಲಿ ಅದರ ಸುಳಿವೇ ಇಲ್ಲ.

ಭುಸ್! ಪೈಪು ಒಮ್ಮೆ ಕೆಮ್ಮಿತು. ಆಮೇಲೆ ಬಿಳಿ ನೊರೆಯೆಬ್ಬಿಸುತ್ತಾ ನೀರು ಧುಮುಕಿತು. ಕಾಲುವೆಯ ಒಣಮಣ್ಣು ಕಪ್ಪಾಗುತ್ತಾ, ನೀರು ಮೊದಲ ಸಸಿಯ ಬುಡಕ್ಕೆ ಹೋಗಿ ನಿಂತಿತು.

ಮರುಳಸಿದ್ದಯ್ಯ ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡರು. “ಭಲೇ ಕಣವ್ವಾ! ನಮ್ಮಣ್ಣನ ಮೋಟ್ರೂ ಕೆಟ್ಟು ಕೂತೈತೆ. ನಾಳೆ ಬತ್ತೀಯಾ?”

“ಬೆಳಿಗ್ಗೇನೇ ಬತ್ತೀನಿ.”

ಮಲ್ಲೇಶ ಪಿಸುಗುಟ್ಟಿದ, “ನಿಮ್ಮಕ್ಕಂಗೆ ಸ್ವಲ್ಪಾನೂ ಭಯ ಆಗ್ಲಿಲ್ವೇನೇ?”

ಅಕ್ಕ ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದಳು. ಬಿಂದುಶ್ರೀ ಆ ಕೈಯನ್ನೇ ನೋಡುತ್ತಾ ನಿಂತಳು.

“ಅದನ್ನ ನಾನ್ ಹೇಳಲ್ಲ ಬುಡು,” ಅಂದಳು.