ಹರಿದದ್ದೆಲ್ಲಿ?

ಬೆಳಗಾಗುವಷ್ಟರಲ್ಲಿ ಸಾವಿರಾರು ಜನ ಅವಳನ್ನು ನೋಡಿ ನಕ್ಕಿದ್ದರು.

ಮೊಬೈಲಿನ ಪರದೆಯ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕ ನಿಂತಿದ್ದವು. ಒಂದರ ಕೆಳಗೆ 'ರಫು ಮಾಡುವ ಮೊದಲು', ಇನ್ನೊಂದರ ಕೆಳಗೆ 'ರಫು ಮಾಡಿದ ನಂತರ'. ಎರಡರಲ್ಲಿಯೂ ಅದೇ ನೀಲಿ ಕೋಟು. ಎರಡರಲ್ಲಿಯೂ ಎಳ್ಳಷ್ಟೂ ಹರಕಿಲ್ಲ.

"ಹರಿದದ್ದೆಲ್ಲಿ ಮೇಡಂ?" ಎಂದು ಯಾರೋ ಕೇಳಿದ್ದರು. "ಏನೂ ಮಾಡ್ದೆ ದುಡ್ಡು ಕೇಳೋದನ್ನ ನಮಗೂ ಕಲಿಸಿ" ಎಂದು ಇನ್ನೊಬ್ಬರು. ಅದರ ಕೆಳಗೆ ನಗುವ ಮುಖಗಳ ಸಾಲು.

ಉಡುಪಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವಳ ಅರ್ಜಿಗಳಿಗೆ ಎಲ್ಲಿಂದಲೂ ಉತ್ತರ ಬಂದಿರಲಿಲ್ಲ. ಕೈಯಲ್ಲಿ ಉಳಿದದ್ದು ಅಲ್ಲಿ ಕಲಿತ ರಫು ಕೆಲಸವೊಂದೇ. ಬಟ್ಟೆಯ ಒಳಮಡಿಕೆಯಿಂದಲೇ ಎಳೆಗಳನ್ನು ಬಿಡಿಸಿಕೊಂಡು, ಹರಿದಲ್ಲಿ ಹಾಸು ಹೊಕ್ಕಾಗಿ ಮತ್ತೆ ಹೆಣೆದು, ತಾನು ಹರಿದಿದ್ದೆನೆಂಬುದನ್ನು ಬಟ್ಟೆಯೇ ಮರೆಯುವಂತೆ ಮಾಡುವ ಕೆಲಸ. ಕಣ್ಣಿಗೆ ಕಾಣದಿರುವುದೇ ಅದರ ಹೆಚ್ಚುಗಾರಿಕೆ. ಕಾಣದ ಕೆಲಸವನ್ನು ಜನರ ಕಣ್ಣಿಗೆ ಬೀಳಿಸುವುದು ಹೇಗೆ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವಳು ಮೇಲಿನ ಮಹಡಿಯ ಫೋಟೋದವನ ಬಳಿ ಹೋಗಿದ್ದಳು. ಅವನು ಮಾಡಿಟ್ಟದ್ದು ಇದು!

ಭಾನುವಾರ ಅಕ್ಕ ಬರುವವಳಿದ್ದಳು. ಅಷ್ಟರೊಳಗೆ ಆರ್ಡರ್ ಬಾರದಿದ್ದರೆ, ದೂರದ ಊರಿನಲ್ಲಿರುವ ಭಾವನ ಅಂಗಡಿಯ ಕೌಂಟರಿನಲ್ಲಿ ನಿಲ್ಲುವುದೆಂದು ಮಾತಾಗಿತ್ತು. ಕೌಂಟರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಆ ಊರಿನಲ್ಲಿ ಈ ಮೆಟ್ಟಿಲುಗಳಿರುವುದಿಲ್ಲ ಎಂಬುದೇ ಏಕೋ ಎದೆಗೆ ಭಾರವಾಗಿತ್ತು.

ಅವಳು ಆ ಮೆಟ್ಟಿಲುಗಳನ್ನೇ ದಡದಡನೆ ಹತ್ತಿದಳು.

ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ, ಬಿಳಿಯ ಕಾಗದದ ಮೇಲೆ, ಒಂಟಿ ಚಪ್ಪಲಿಯೊಂದು ರಾಣಿಯಂತೆ ಕುಳಿತಿತ್ತು. ಅವನು ಅದರ ಮುಂದೆ ಮಂಡಿಯೂರಿದ್ದ. ಸ್ಟುಡಿಯೊದ ಕೆಲಸ ಹೋದಂದಿನಿಂದ ಆನ್‌ಲೈನ್ ಅಂಗಡಿಗಳ ಸಾಮಾನುಗಳೇ ಅವನ ಮದುಮಕ್ಕಳು.

"ಏನ್ರೀ ಇದು? ನನ್ನ ಮಾನ ಹರಾಜು ಹಾಕೋಕೆ ಎಷ್ಟು ದಿನದಿಂದ ಕಾಯ್ತಿದ್ರಿ?"

ಅವನು ಮೊಬೈಲನ್ನು ಇಸಿದುಕೊಂಡು ನೋಡಿದ. ಮುಖ ಕಾಗದದಷ್ಟೇ ಬೆಳ್ಳಗಾಯಿತು.

"ಅಯ್ಯೋ, ಅಭ್ಯಾಸ ರೀ! ಇಷ್ಟು ವರ್ಷ ಮದುವೆ ಫೋಟೋಗಳಲ್ಲಿ ಮೊಡವೆ ಅಳಿಸಿದ್ದೇ ಅಳಿಸಿದ್ದು. ಕಲೆ ಕಂಡ್ರೆ ಈ ಕೈ ಸುಮ್ನಿರಲ್ಲ. ನಿಮ್ಮ ಹರಕನ್ನೂ ಅಳಿಸಿಬಿಟ್ಟಿದೆ."

"ನಾನು ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡಿದ್ದನ್ನ ನೀವು ಒಂದೇ ಬೆರಳಲ್ಲಿ ಮಾಡಿಬಿಟ್ರಾ?"

"ನಿಮ್ಮಷ್ಟು ಚೆನ್ನಾಗೇನಿಲ್ಲ. ಜೂಮ್ ಮಾಡಿದ್ರೆ ನಂದು ಗೊತ್ತಾಗುತ್ತೆ."

ಉಕ್ಕಿಬಂದ ನಗುವನ್ನು ಅವಳು ಕೆಳತುಟಿಯಲ್ಲಿಯೇ ಹಿಡಿದು ನಿಲ್ಲಿಸಿದಳು. ಇಂಥ ಹೊತ್ತಿನಲ್ಲಿ ನಗಬಾರದು. ಅದರಲ್ಲಿಯೂ ಅವನೆದುರು.

"ತಪ್ಪು ನಂದು ಅಂತ ಈಗ್ಲೇ ಬರೆದು ಹಾಕ್ತೀನಿ."

"ಬರೆದ್ರೆ ಯಾರು ನಂಬ್ತಾರೆ? ಇದೂ ಒಂದು ನಾಟಕ ಅಂತಾರೆ." ಅವಳು ಬಾಗಿಲತ್ತ ತಿರುಗಿದಳು. "ಬಿಡಿ. ಭಾನುವಾರ ನಾನು ಹೊರಡ್ತೀನಿ."

ಅವನು ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡ. ಸ್ಟ್ಯಾಂಡಿಗೆ ಅವಳ ಮೊಬೈಲನ್ನು ಸಿಕ್ಕಿಸಿದ. ಕೆಂಪು ಚುಕ್ಕೆ ಹೊತ್ತಿಕೊಂಡಿತು. ಲೈವ್!

"ಹರಿದದ್ದೆಲ್ಲಿ ಅಂತ ಕೇಳಿದ್ರಲ್ಲ? ಆ ಫೋಟೋ ಕೆಡಿಸಿದ ಮಹಾನುಭಾವ ನಾನೇ. ಈಗ ಎಡಿಟಿಂಗ್ ಇಲ್ಲ, ಏನಿಲ್ಲ. ನೋಡ್ತಾ ಇರಿ."

ಇಂಟರ್‌ವ್ಯೂಗಳಿಗೆಂದು ಜೋಪಾನ ಮಾಡಿಟ್ಟುಕೊಂಡಿದ್ದ ತಿಳಿಬೂದು ಅಂಗಿ ಅಂದು ಅವನ ಮೈಮೇಲಿತ್ತು. ಕಚಕ್ಕೆಂದು ಅದರ ತೋಳನ್ನು ಮುಂಗೈ ಬಳಿ ಸೀಳಿಯೇಬಿಟ್ಟ.

"ಹುಚ್ಚು ಹಿಡಿದಿದೆಯಾ ನಿಮಗೆ?" ಅವಳು ಓಡಿಬಂದಳು. "ಬಿಚ್ಚಿ ಕೊಡಿ ಇಲ್ಲಿ."

"ಬಿಚ್ಚಿದ್ರೆ ಅಂಗಿ ಬದಲಾಯಿಸಿದ್ರು ಅಂತಾರೆ. ಹೀಗೇ ಹೊಲೀರಿ. ಜನ ಏನಂತಾರೆ ಅಂತ ನಾನು ಓದಿ ಹೇಳ್ತಾ ಇರ್ತೀನಿ."

ಮುಂಗೈಗೂ ಬಟ್ಟೆಗೂ ನಡುವೆ ರಟ್ಟಿನ ತುಂಡೊಂದನ್ನು ತೂರಿಸಿ ಅವಳು ಕುಳಿತಳು. ಅವನ ಅಂಗಿಯ ಅಂಚಿನಿಂದ ಎಳೆ ಬಿಡಿಸಿ, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಗೆ ಪೋಣಿಸಿದಳು. ಮೊದಲ ಎಳೆ ನೇಯ್ಗೆಯೊಳಗೆ ಸೇರುತ್ತಲೇ ಹೊರಗಿನ ಬೀದಿಯ ಸದ್ದು ದೂರ ಸರಿಯಿತು. ಕಿಟಕಿಯ ಬೆಳಕು ನಿಧಾನವಾಗಿ ಮೇಜಿನ ಮೇಲೆ ತೆವಳುತ್ತ ಬಂದು ಅವರಿಬ್ಬರ ಕೈಗಳನ್ನು ಮುಟ್ಟಿತು. ಸೂಜಿ ಒಂದು ಎಳೆಯನ್ನು ಹಾರಿ, ಒಂದರಡಿ ನುಸುಳಿ, ಕನಸಿನಲ್ಲಿ ನಡೆದಂತೆ ನಡೆಯಿತು. ಅವನ ನಾಡಿ ರಟ್ಟನ್ನೂ ದಾಟಿ ಅವಳ ಬೆರಳಿಗೆ ತಾಕುತ್ತಿತ್ತು. ಅಥವಾ ಅದು ಅವಳದೇ ನಾಡಿಯೇ?

"'ಬರೀ ಬಿಲ್ಡಪ್' ಅಂತೆ," ಅವನು ಓದಿದ. ಸ್ವಲ್ಪ ಹೊತ್ತಿನ ಮೇಲೆ, "'ಅರೆ, ಮುಚ್ಚಿಕೊಳ್ತಾ ಇದೆ!'" ಇನ್ನೂ ಸ್ವಲ್ಪ ಹೊತ್ತಿಗೆ, "'ನಮ್ಮಪ್ಪನ ಕೋಟಿದೆ, ಇಲಿ ಕಡಿದಿದೆ, ಕಳಿಸ್ಲಾ?' ಇನ್ನೊಬ್ಬರು ಶಾಲು ಅಂತಿದ್ದಾರೆ. ರೀ, ಆರ್ಡರ್ ರೀ!"

ಅವಳು ತಲೆಯೆತ್ತಲಿಲ್ಲ. ಎತ್ತಿದರೆ ಕಣ್ಣೀರು ಬಟ್ಟೆಯ ಮೇಲೆ ಬೀಳುತ್ತಿತ್ತು.

ಥಟ್ಟನೆ ಅವನ ದನಿ ನಿಂತಿತು.

"ಯಾಕೆ? ಓದಿ."

"ಇದು... ಬೇಡ ಬಿಡಿ."

"ಬೈದಿದ್ದಾರಾ?"

"ಬೈದಿದ್ರೆ ಓದ್ತಿದ್ದೆ."

ಅವಳು ಕತ್ತು ಹೊರಳಿಸಿ ತಾನೇ ಓದಿದಳು. 'ರಫು ಇರಲಿ. ಆ ಹುಡುಗ ಆಗಿನಿಂದ ಅವಳನ್ನೇ ನೋಡ್ತಿದ್ದಾನೆ. ಯಾರಿಗಾದ್ರೂ ಕಾಣ್ತಿದೆಯಾ?' ಅದರ ಕೆಳಗೆ, 'ನಮಗೆಲ್ಲ ಕಾಣ್ತಿದೆ. ಅವಳಿಗೊಬ್ಬಳಿಗೇ ಕಾಣ್ತಿಲ್ಲ.' ಅದರ ಕೆಳಗೆ ಅಕ್ಕ! 'ಪುಟ್ಟಿ, ಭಾನುವಾರ ಬರ್ತೀನಿ. ನಿನ್ನನ್ನ ಕರ್ಕೊಂಡು ಹೋಗೋಕಲ್ಲ. ಇವನನ್ನ ನೋಡೋಕೆ.'

ಅವಳ ಕಿವಿಗಳು ಕೆಂಪೇರಿದವು. ಅವನು ಈಗ ಛಾವಣಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

"ನಿಜಾನಾ?"

"ಅಷ್ಟು ಜನ ಸುಳ್ಳು ಹೇಳ್ತಾರಾ?"

"ಯಾವಾಗಿನಿಂದ?"

"ಕೆಳಗೆ ನೀವು ಕಿಟಕಿ ಹತ್ರ ಕೂತು ಸೂಜಿಗೆ ದಾರ ಪೋಣಿಸ್ತೀರಲ್ಲ, ಆಗ ಒಂದು ಕಣ್ಣು ಮುಚ್ತೀರಿ. ನಾನು ಬೀದಿಯಲ್ಲಿ ಬರ್ತಾ ಇದ್ದೆ. ನನಗೇ ಕಣ್ಣು ಹೊಡೆದ್ರಿ ಅಂದ್ಕೊಂಡು ಒಂದು ವಾರ ನೆಲದ ಮೇಲೆ ಕಾಲೇ ಇಡಲಿಲ್ಲ. ಸತ್ಯ ಗೊತ್ತಾಗೋ ಹೊತ್ತಿಗೆ ಕಾಲ ಮಿಂಚಿತ್ತು ರೀ."

ಈ ಬಾರಿ ನಗುವನ್ನು ಯಾವ ತುಟಿಯೂ ತಡೆಯಲಿಲ್ಲ. ಅವಳು ನಕ್ಕಳು, ತೋಳು ನಡುಗೀತೆಂದು ಅವನು ಉಸಿರು ಬಿಗಿಹಿಡಿದ.

ಕೊನೆಯ ಎಳೆ ಒಳಗೆ ಸೇರಿತು. ತೋಳಿನ ಮೇಲೆ ಹರಿದ ಗುರುತೇ ಉಳಿದಿರಲಿಲ್ಲ. ದಾರವೊಂದು ಮಾತ್ರ ಅವನ ಅಂಗಿಯಿಂದ ಅವಳ ಸೂಜಿಯವರೆಗೆ ಹಗುರವಾಗಿ ತೂಗುತ್ತಿತ್ತು.

"ಎಲ್ಲರೂ ನೋಡಿದ್ದು ಸಾಕು," ಎಂದು ಅವಳು ಮೊಬೈಲನ್ನು ಮೆಲ್ಲನೆ ಮಗುಚಿ ಹಾಕಿದಳು.

ಕತ್ತರಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವಳು ಅದರತ್ತ ನೋಡಲಿಲ್ಲ. ಅವನ ಮುಂಗೈಯ ಮೇಲೆ ಬಾಗಿ, ದಾರವನ್ನು ಹಲ್ಲಿನಿಂದಲೇ ಕಡಿದಳು. ಆಮೇಲೂ ತಲೆಯೆತ್ತಲು ಅವಸರಪಡಲಿಲ್ಲ.